ಅಗೆಯದೇ ಉಳಿದ ಚೀಲ

"ಸಿಕ್ಕಿಬಿದ್ರಿ ನೋಡ್ರಿ!"

ಅಫಜಲಪುರದ ಬಜಾರಿನಲ್ಲಿ, ಹುಸೇನಸಾಬರ ತರಕಾರಿ ಅಂಗಡಿಯ ಮುಂದೆ ನಿಂತಿದ್ದ ನಾಲ್ಕೂ ಜನ ಆ ದನಿಗೆ ತಿರುಗಿ ನೋಡಿದರು. ತಕ್ಕಡಿಯಲ್ಲಿ ಎರಡು ಕಿಲೊ ಆಲೂಗಡ್ಡೆ. ಅದರ ಮುಂದೆ ಕೈಚೀಲ ಹಿಡಿದು ನಿಂತ ಎತ್ತರದ ಯುವಕ. ಅವನೆದುರು, ಕಣ್ಣಲ್ಲಿ ಕಿಡಿ ಕಾರುತ್ತ... ಸುಮಂಗಲಾ!

"ನೀವು ಕರಜಗಿ ಪ್ರಬುದ್ಧ ಅಲ್ರೀ? ನಮ್ಮ 'ಮನಿ ತೋಟ' ವಾಟ್ಸಾಪ್ ಗ್ರೂಪಿನಾಗ ಇರೋರು?"

"ಹೌದ್ರಿ... ನೀವು ನಿಂಬರ್ಗಾ ಸುಮಂಗಲಾ ಮೇಡಂ!" ಅವನ ಮುಖ ಒಮ್ಮೆಲೇ ಅರಳಿತು.

"ಒಂದೇ ಚೀಲದಾಗ ನಾಕು ಕಿಲೊ ಬೆಳದೇನಿ ಅಂತ ಫೋಟೊ ಹಾಕಿದ್ರಿ. ಮನ್ಯಾಗ ಅಷ್ಟು ಬೆಳದವ್ರು ಬಜಾರಿನಾಗ ಯಾಕ ತೊಗೊಳಾಕತ್ತೀರಿ?"

"ಇವು... ಬ್ಯಾರೆ ಕೆಲಸಕ್ಕರಿ..." ಅವನ ಕಿವಿ ಕೆಂಪಾದವು.

ಸುಮಂಗಲಾಗೆ ಅಷ್ಟು ಸಾಕಾಯಿತು. ಫೋನೆತ್ತಿ ತಕ್ಕಡಿ ಸಮೇತ ಅವನ ಫೋಟೊ ಹೊಡೆದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಆಲೂಗಡ್ಡೆ ಹಾಕಿದ್ದಳು. ದಿನಾ ಮುಂಜಾನೆ ಮಾತಾಡಿಸಿ ನೀರುಣಿಸಿದ್ದಳು. ದೀಪಾವಳಿ ಮುಗಿದ ಮೇಲೆ ಅಗೆದರೆ... ಏಳು! ಗೋಲಿಯಷ್ಟು ಗಾತ್ರದವು! ಅವುಗಳ ಫೋಟೊ ಗ್ರೂಪಿಗೆ ಹಾಕಿದ ಮರುಕ್ಷಣವೇ ಪ್ರಬುದ್ಧನ ಬುಟ್ಟಿತುಂಬ ಬೆಳೆಯ ಫೋಟೊ ಬಂದಿತ್ತು. ಎಲ್ಲರೂ ಎರಡನ್ನೂ ಹೋಲಿಸಿ ನಕ್ಕಿದ್ದರು.

ಆಳಂದದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಸುಮಂಗಲಾ, ಪರೀಕ್ಷಿಸದೆ ಯಾವುದನ್ನೂ ನಂಬುವವಳಲ್ಲ. ಆದರೆ ಆವತ್ತು ಯಾವ ಪರೀಕ್ಷೆಯೂ ಇಲ್ಲದೆ ಫೋಟೊ ಹಾಕಿಯೇಬಿಟ್ಟಳು! 'ನಾಕು ಕಿಲೊ ಬೆಳಿ ಎಲ್ಲಿಂದ ಬಂತು ನೋಡ್ರಿ!' ಎಂದು ಕೆಳಗೆ ಬರೆದಳು.

ಗ್ರೂಪಿನಲ್ಲಿ ನಗೆಯೋ ನಗೆ. 'ಪ್ರಬುದ್ಧಣ್ಣ, ತಕ್ಕಡಿನೂ ಮನ್ಯಾಗೇ ಬೆಳದೀಯೇನು?' ಎಂದು ಅತನೂರಿನ ಜಗದೇವ ಕೆಣಕಿದ. ಪ್ರಬುದ್ಧ ಸಂಜೆಯ ಹೊತ್ತಿಗೆ ಗ್ರೂಪನ್ನೇ ಬಿಟ್ಟುಹೋದ.

ಗೆದ್ದೆ ಅಂದುಕೊಂಡವಳಿಗೆ ಊಟ ಸೇರಲಿಲ್ಲ. 'ನನ್ನ ಗುರುತು ಹಿಡದು ಅಷ್ಟು ಖುಷಿಯಾಗಿ ನಕ್ಕನಲ್ಲ... ಕಳ್ಳ ಹಂಗ ನಗ್ತಾನೇನು?'

ಹದಿನೈದು ದಿನದ ಮೇಲೆ, ಅಫಜಲಪುರದ ಬಸ್ಸಿನಲ್ಲಿ ಲ್ಯಾಬಿಗೊಂದು ರಟ್ಟಿನ ಡಬ್ಬಿ ಬಂತು. ತೆರೆದರೆ ಒಣಹುಲ್ಲಿನ ಮೇಲೆ ಸಾಲಾಗಿ ಇಟ್ಟ ಆಲೂಗಡ್ಡೆ! ಒಂದೊಂದರ ಮೈಮೇಲೂ ಉಗುರಿನಷ್ಟು ಮೊಳಕೆ. ಜೊತೆಗೊಂದು ಚೀಟಿ.

'ಮೇಡಂ, ಆವತ್ತು ತೊಗೊಂಡ ಗಡ್ಡಿ ಇವೇರಿ. ನಿಮ್ಮ ಏಳು ಗೋಲಿ ನೋಡಿ ಬ್ಯಾಸರಾತು. ಛಲೋ ಬೀಜ ಕಳಸಬೇಕಂತ ಹುಸೇನಸಾಬರ ಕಡೆ ಆರಿಸಿ ತೊಗೊಂಡು ಮೊಳಕಿ ಬರಾಕ ಇಟ್ಟಿದ್ದೆ. ಚೀಲದ ಕೆಳಗ ತೂತು ಮಾಡ್ರಿ, ನೀರು ನಿಂತ್ರ ಕೊಳೀತಾವ. ನನ್ನ ಬೆಳಿ ಸುಳ್ಳು ಅನಸಿದ್ರ, ನಮ್ಮ ಹಿತ್ತಲದಾಗ ಇನ್ನೊಂದು ಚೀಲ ಅಗೀದೆ ಇಟ್ಟೇನಿ. ಐತವಾರ ಬರ್ರಿ. ನಿಮ್ಮ ಕೈಲೇ ಅಗೀರಿ.'

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ನನಗೋಸ್ಕರ...! ಅಷ್ಟು ಜನರೆದುರು ಅವಮಾನ ಮಾಡಿದ ಮೇಲೂ...!

ಭಾನುವಾರ ಬೆಳಿಗ್ಗೆಯೇ ಅವಳು ಕರಜಗಿಯಲ್ಲಿ ಬಸ್ಸಿಳಿದಳು. ಬಾಗಿಲು ತೆರೆದದ್ದು ಪ್ರಬುದ್ಧನ ತಾಯಿ ರುಕ್ಮಿಣಿಬಾಯಿ.

"ಬಾ ಯವ್ವಾ. ನಮ್ಮ ಮಗನ ಫೋಟೊ ಹೊಡದಾಕಿ ನೀನೇ ಏನು?"

ಸುಮಂಗಲಾ ನಾಚಿ ನೆಲ ನೋಡಿದಳು.

"ಅಂವಾ ಲೈನ್‌ಮ್ಯಾನ್ ಅದಾನ. ಕಂಬ ಹತ್ತಾಕ ಹೆದರಂಗಿಲ್ಲ. ಇವತ್ತು ನೋಡು, ಮುಂಜಾನಿಂದ ನಡಗಾಕತ್ತಾನ!" ಮುದುಕಿ ನಕ್ಕು ಹಿತ್ತಲು ತೋರಿಸಿದಳು.

ಹಿತ್ತಲ ಗೋಡೆಗೆ ಆತು ದಪ್ಪನೆಯ ಚೀಲ ನಿಂತಿತ್ತು. ಪಕ್ಕದಲ್ಲಿ ಪ್ರಬುದ್ಧ.

"ಅಗೀರಿ, ಮೇಡಂ."

ಅವಳು ಕೈ ಹಾಕಿದಳು. ಮಣ್ಣು ತಂಪಾಗಿತ್ತು. ಒಂದು ಸಿಕ್ಕಿತು! ಮುಷ್ಟಿಯಷ್ಟು ದೊಡ್ಡದು! "ಅಯ್ಯ, ನೋಡ್ರಿ!" ಎಂದು ಅವಳೇ ಚೀರಿದಳು. ಎರಡನೆಯದು! ಮೂರನೆಯದು! ಆಮೇಲೆ... ಬರೀ ಮಣ್ಣು. ಮೊಣಕೈವರೆಗೆ ಕೈ ಇಳಿಸಿದಳು. ಏನೂ ಇಲ್ಲ!

ಪ್ರಬುದ್ಧ ಗಾಬರಿಯಾಗಿ ಚೀಲ ತಿರುಗಿಸಿದ. ಗೋಡೆಯ ಕಡೆಗೆ ದೊಡ್ಡದೊಂದು ತೂತು!

"ಹೆಗ್ಗಣ..." ಅವನ ದನಿ ಬಿದ್ದುಹೋಯಿತು. "ಯಾವಾಗೋ ಅಗೀಬೇಕಾಗಿತ್ತರಿ. ನೀವು ಬರಲಿ ಅಂತ ಬಿಟ್ಟೆ. ಈಗ ನಿಮಗ ತೋರ್ಸಾಕ ನನ್ನ ಕಡೆ ಏನೂ ಉಳಿಲಿಲ್ಲ..."

ಅವನು ಮುಖ ತಿರುಗಿಸಿದ. ಸುಮಂಗಲಾ ಮಣ್ಣುಗೈಯಲ್ಲೇ ಫೋನ್ ತೆಗೆದು, ಗ್ರೂಪಿಗೆ ದನಿ ಕಳಿಸತೊಡಗಿದಳು.

"ಎಲ್ಲಾರೂ ಕೇಳ್ರಿ. ನಾ ಸುಮಂಗಲಾ, ಕರಜಗಿ ಪ್ರಬುದ್ಧ ಅವ್ರ ಮನ್ಯಾಗ ನಿಂತೇನಿ. ಅವ್ರ ನಾಕು ಕಿಲೊ ಖರೇವು. ಬಜಾರಿನಾಗ ತೊಗೊಂಡಿದ್ದು ನನಗ ಬೀಜಕ್ಕ. ತಪ್ಪು ನಂದು. ಎಲ್ಲಾರ ಮುಂದ ಕ್ಷಮಾ ಕೇಳ್ತೇನಿ!"

ಅವನು ನಂಬಲಾರದೆ ನೋಡಿದ. "ಮೂರೇ ಸಿಕ್ಕಾವಲ್ಲರಿ... ಹೆಂಗ ನಂಬಿದ್ರಿ?"

"ಸುಳ್ಳು ಹೇಳಾವ, ನೀವೇ ಬಂದು ಅಗೀರಿ ಅಂತ ಕರೀತಿದ್ದನೇನು?" ಅವಳ ಕಣ್ಣು ತುಂಬಿದವು. "ಒಂದು ಕೇಳ್ತೇನಿ, ಖರೇ ಹೇಳ್ರಿ. ಗ್ರೂಪಿನಾಗ ಬೆಳಿ ಕೆಟ್ಟವರು ಭಾಳ ಮಂದಿ ಇದ್ರು. ನನಗೊಬ್ಬಾಕಿಗೇ ಯಾಕ ಬೀಜ?"

ಪ್ರಬುದ್ಧ ಕೈಯ ಮಣ್ಣು ಒರೆಸಿಕೊಂಡ. ಒಳಗೆ ರುಕ್ಮಿಣಿಬಾಯಿ ಚಹಾ ಸೋಸುವ ಸದ್ದು ಕೇಳುತ್ತಿತ್ತು.

"ನೀವು ಗಿಡಕ್ಕ ಮಾತಾಡಸ್ತೀರಿ ಅಂತ ಬರದಿದ್ರಿ..." ಅವನು ಮೆಲ್ಲಗೆ ಅಂದ. "ಆವತ್ತಿಂದ ನಿಮ್ಮ ಮೆಸೇಜಿನ ಹಾದಿ ಕಾಯಾಕತ್ತೆ. ಈ ಮನ್ಯಾಗೂ ನಿಮ್ಮ ದನಿ ಇರಬೇಕು ಅನಸ್ತದರಿ... ದಿನಾ."

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು.

"ಹಂಗಿದ್ರ ಬರೋ ಐತವಾರ ಅವ್ವಾರನ್ನ ಕರಕೊಂಡು ನಿಂಬರ್ಗಾಕ್ಕ ಬರ್ರಿ. ನಮ್ಮ ಅಪ್ಪನ ಕೂಡ ಮಾತಾಡ್ರಿ."

"ನಿಮ್ಮಪ್ಪ ನನ್ನ ಬೆಳಿ ಕೇಳಿದ್ರ ಏನು ಹೇಳ್ಲಿ?"

ಸುಮಂಗಲಾ ಅವನ ಬೊಗಸೆಯಲ್ಲಿ ಆ ಗಡ್ಡೆಗಳನ್ನಿಟ್ಟು, ಎರಡೂ ಕೈಗಳನ್ನು ಬಿಡದೆ ಹಿಡಿದಳು.

"ಮೂರು ಅಂತ ಹೇಳ್ರಿ."