ಹದಿನಾಲ್ಕು ಅಂದ್ರೆ ಹೊಲಿಗೆ ಸ್ಟಾಪ್

"ಏಯ್ ಚಟಪಟ! ಬಾರೇ ಬೇಗ, ಬಸ್ಸು ತಿರುವಿಗೆ ಬಂತು!"

ಅಜ್ಜ ಕೂಗಿದ್ದು ಹೊಲಿಗೆ ಅತ್ತೆಯ ಅಂಗಡಿ ಮೆಟ್ಟಿಲಿನಿಂದ. ಚಟಪಟ ಆಗ ಬಸ್ ಸ್ಟಾಪಿನ ಕಂಬದ ಹತ್ತಿರ ಒಂಟಿ ಕಾಲಲ್ಲಿ ನಿಂತಿದ್ದಳು. ಮೆಟ್ಟಿಲಿನಿಂದ ಕಂಬಕ್ಕೆ ಮೂವತ್ತೆರಡು ಕುಂಟು, ವಾಪಸ್ ಮೂವತ್ತೆರಡು ಕುಂಟು. ಕಂಬದ ತಗಡಿಗೆ ತುಕ್ಕು ಹಿಡಿದಿತ್ತು. ಅದರ ಮೇಲಿನ 14 ಅನ್ನೋ ಅಂಕಿಯನ್ನು ಮುಟ್ಟಿ ಬಂದರೆ ಮಾತ್ರ ಆಟದಲ್ಲಿ ಗೆದ್ದ ಹಾಗೆ.

ಅವಳು ಮುಟ್ಟಿದಳು. ಆಮೇಲೆ ಎರಡೂ ಕಾಲಲ್ಲಿ ಓಡಿ ಬಂದಳು.

ಅವಳ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಅಜ್ಜ ಗಡಿಯಾರ ರಿಪೇರಿ ಮಾಡುವವರು. ಮಂಡಿ ನೋವು, ಕೈಯಲ್ಲಿ ಊರುಗೋಲು. ಆದರೂ ದಿನಾ ಮೊಮ್ಮಗಳನ್ನು ಸ್ಕೂಲಿನ ಹತ್ತಿರ ಇಳಿಸಿ, ಮುಂದಿನ ಮಾರ್ಕೆಟ್ಟಿನಲ್ಲಿ ಅಂಗಡಿ ತೆಗೆಯಬೇಕು.

"ಮನೇಲಿ ಕೂತ್ರೆ ನಾನೇ ನಿಂತುಹೋಗ್ತೀನಿ, ಕೀ ಕೊಡೋರು ಯಾರು?" ಅನ್ನುತ್ತಿದ್ದರು.

ಕಂಬದ ಹತ್ತಿರ ಸುಡುಸುಡು ಬಿಸಿಲು, ಕೂರಲು ಜಾಗವೇ ಇಲ್ಲ. ಹೊಲಿಗೆ ಅತ್ತೆಯ ಅಂಗಡಿ ಮುಂದೆ ಚಪ್ಪರ, ಅಗಲವಾದ ಮೂರು ಮೆಟ್ಟಿಲು, ಜೊತೆಗೆ ಅತ್ತೆಯ ಹರಟೆ. ಹಾಗಾಗಿ ಎಲ್ಲರೂ ಅಲ್ಲೇ ಕಾಯುತ್ತಿದ್ದರು. ಬಸ್ಸೂ ಅಲ್ಲೇ ನಿಲ್ಲುತ್ತಿತ್ತು. ಅದು ಹೊಲಿಗೆ ಸ್ಟಾಪ್, ಅಷ್ಟೇ.

ಅವತ್ತು ಬಸ್ಸಿನೊಳಗೆ ಒಂದು ನೋಟಿಸು ಅಂಟಿಸಿದ್ದರು. ಅಜ್ಜ ಕನ್ನಡಕ ಏರಿಸಿ ಓದಿದರು. ಬಸ್ಸಿನ ದಾರಿ ಬದಲಾಗುತ್ತದಂತೆ, ಜನ ಹತ್ತದ ಕೆಲವು ಸ್ಟಾಪುಗಳನ್ನು ತೆಗೆಯುತ್ತಾರಂತೆ. ಭಾನುವಾರ ಬೆಳಿಗ್ಗೆ ಸ್ಕೂಲ್ ಹಾಲಿನಲ್ಲಿ ಮೀಟಿಂಗು, ಹೇಳೋದಿದ್ದವರು ಬಂದು ಹೇಳಬಹುದು.

"ಅಯ್ಯೋ, ನಮ್ಮ ಸ್ಟಾಪ್?" ಹಿಂದಿನ ಸೀಟಿನ ನರ್ಸಕ್ಕ ಕೇಳಿದರು.

"ಬರೀ ನಂಬರ್ ಹಾಕಿದ್ದಾರೆ. ಹೊಲಿಗೆ ಸ್ಟಾಪ್ ಅಂತ ಎಲ್ಲೂ ಇಲ್ಲ. ನಾವು ಬಚಾವು!" ಅಂದರು ಅಜ್ಜ. "ಆದ್ರೂ ನಾನು ಹೋಗ್ತೀನಿ. ಈ ಬಸ್ಸು ದಿನಾ ಏಳು ನಿಮಿಷ ಲೇಟು. ಗಡಿಯಾರದವನಾಗಿ ಹೇಗ್ರೀ ಸಹಿಸಲಿ?"

"ನಾನೂ ಬರ್ತೀನಿ!" ಅಂದಳು ಚಟಪಟ.

"ಒಂದೇ ಷರತ್ತು. ಮೀಟಿಂಗ್ ಮುಗಿಯೋವರೆಗೂ ಬಾಯಿಗೆ ಬೀಗ. ಹಾಗಿದ್ರೆ ಆ ಹಳೇ ಅಲಾರಂ ಗಡಿಯಾರ ಬಿಚ್ಚೋಕೆ ಕೊಡ್ತೀನಿ."

ಆ ಗಡಿಯಾರಕ್ಕಾಗಿ ಅವಳು ಒಂದು ವರ್ಷದಿಂದ ಅಜ್ಜನ ಜೀವ ತಿನ್ನುತ್ತಿದ್ದಳು. ತಕ್ಷಣ ತುಟಿ ಮುಚ್ಚಿ, ಬೀಗ ಹಾಕಿ, ಇಲ್ಲದ ಕೀಲಿಕೈಯನ್ನು ಅಜ್ಜನ ಜೇಬಿಗೆ ಹಾಕಿದಳು.

ಭಾನುವಾರ ಸ್ಕೂಲ್ ಹಾಲ್ ತುಂಬಿತ್ತು. ಗೋಡೆಗೆ ಬಾಗಿಲಿನಷ್ಟು ದೊಡ್ಡ ಮ್ಯಾಪು. ಗೆರೆಗಳು, ಚುಕ್ಕೆಗಳು, ಚುಕ್ಕೆ ಪಕ್ಕದಲ್ಲಿ ನಂಬರು. ತೆಗೆಯುವ ಸ್ಟಾಪಿಗೆ ಕೆಂಪು ಸ್ಟಿಕ್ಕರು. ಪಕ್ಕದ ಮೇಜಿನ ಮೇಲೆ ಹಳದಿ ಚೀಟಿಗಳು, ಪೆನ್ನುಗಳು. ಮಾತಾಡಲು ಸಂಕೋಚ ಇದ್ದವರು ಬರೆದು ಅಂಟಿಸಬಹುದು ಅಂತ ಬೋರ್ಡು ಬೇರೆ.

ಬಸ್ ಆಫೀಸಿನ ಮೇಡಂ ಮೈಕು ಹಿಡಿದರು. ಒಳ್ಳೆಯವರೇ, ಗಂಟಲು ಕಟ್ಟಿಹೋಗಿತ್ತು ಪಾಪ.

"ಸ್ಟಾಪ್ ಒಂಬತ್ತು ತೆಗೀತೀವಿ. ಯಾರಾದ್ರೂ ಏನಾದ್ರೂ ಹೇಳ್ತೀರಾ?"

ಯಾರೂ ಮಾತಾಡಲಿಲ್ಲ. ಫ್ಯಾನ್ ಕಿರ್ರ್ ಅಂತ ತಿರುಗಿತು.

"ಸರಿ. ಸ್ಟಾಪ್ ಹದಿನಾಲ್ಕು. ನಮ್ಮ ಹುಡುಗರು ಮೂರು ದಿನ ಕಂಬದ ಎದುರು ಕೂತು ಎಣಿಸಿದ್ದಾರೆ. ಹತ್ತಿದವರು ಸೊನ್ನೆ. ಬೇಕು ಅನ್ನೋರು ಇದ್ದೀರಾ?"

ಅಜ್ಜ ಆಕಳಿಸಿದರು. ನರ್ಸಕ್ಕ ಫೋನು ನೋಡುತ್ತಿದ್ದರು. ಹೊಲಿಗೆ ಅತ್ತೆ, "ಒಬ್ಬರೂ ಹತ್ತದ ಸ್ಟಾಪು ಯಾಕ್ ಬೇಕಂತೆ!" ಅಂತ ಪಕ್ಕದವರಿಗೆ ಹೇಳಿದರು.

ಚಟಪಟ ಥಟ್ಟನೆ ತಲೆ ಎತ್ತಿದಳು. ಹದಿನಾಲ್ಕು! ದಿನಾ ಕೈಯಾರೆ ಮುಟ್ಟೋ ಹದಿನಾಲ್ಕು!

ಅವಳು ಅಜ್ಜನ ತೋಳು ಹಿಡಿದು ಜಗ್ಗಿದಳು. ಅಜ್ಜ, "ಶ್! ಗಡಿಯಾರ!" ಅಂದರು. ಮತ್ತೆ ಜಗ್ಗಿದಳು. "ಮಾತಾಡಿದ್ರೆ ಗಡಿಯಾರ ಇಲ್ಲ, ನೋಡು!"

ಮುಂದಿನ ಸ್ಟಾಪು ದಿಬ್ಬದ ಮೇಲಿತ್ತು. ಊರುಗೋಲು ಹಿಡಿದು ಅಜ್ಜ ಅಲ್ಲಿಯವರೆಗೆ ಹತ್ತುವುದು ಸಾಧ್ಯವೇ ಇಲ್ಲ. ಅಂಗಡಿ ಮುಚ್ಚಬೇಕು. ಮನೆಯಲ್ಲಿ ಕೂತು ಅಜ್ಜ ನಿಂತುಹೋದರೆ? ಅವಳಿಗೆ ಅಳು ಬಂತು. ಅಲಾರಂ ಗಡಿಯಾರ ಹಾಳಾಗಿ ಹೋಗಲಿ! ಬಾಯಿ ತೆರೆದೇಬಿಟ್ಟಳು. ಅಷ್ಟರಲ್ಲಿ ಹಳದಿ ಚೀಟಿಗಳು ಕಣ್ಣಿಗೆ ಬಿದ್ದವು.

ಎದ್ದು ಓಡಿದಳು. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. ಕುರ್ಚಿ ಎಳೆದು, ಮೇಲೆ ಹತ್ತಿ, ಸರಿಯಾಗಿ ಹದಿನಾಲ್ಕರ ಕೆಂಪು ಸ್ಟಿಕ್ಕರಿನ ಮೇಲೆಯೇ ಅಂಟಿಸಿದಳು.

ಮೇಡಂ ಹತ್ತಿರ ಬಂದು ಓದಿದರು. ಮೈಕು ಬಾಯಿಯ ಹತ್ತಿರವೇ ಇತ್ತು.

"ಹೊಲಿಗೆ... ಸ್ಟಾಪ್?"

ಆಮೇಲೆ ನೋಡಿ, ಇಡೀ ಹಾಲ್ ಎದ್ದು ನಿಂತಿತು!

"ಏನು? ಹದಿನಾಲ್ಕು ಅಂದ್ರೆ ನಮ್ಮದಾ?"

"ಬೆಳಿಗ್ಗೆ ಡ್ಯೂಟಿಗೆ ನಾನು ಹೇಗೆ ಹೋಗ್ಲಿ?"

"ಯಾರ್ರೀ ಸೊನ್ನೆ? ದಿನಾ ನನ್ನ ಮೆಟ್ಟಿಲ ಹತ್ರ ಕಾಯೋ ನಲವತ್ತು ಜನ ಸೊನ್ನೆನಾ?" ಹೊಲಿಗೆ ಅತ್ತೆಯ ದನಿಗೆ ಮೈಕು ಬೇಕಿರಲಿಲ್ಲ.

ಮೇಡಂ ಕಕ್ಕಾಬಿಕ್ಕಿಯಾದರು. "ಆದ್ರೆ ಕಂಬದ ಹತ್ತಿರ ಒಬ್ಬರೂ ಇರಲಿಲ್ಲವಲ್ಲ?"

ಕೊನೇ ಸಾಲಿನಲ್ಲಿದ್ದ ಬಸ್ ಡ್ರೈವರ್ ಮಾಮ ಮೆಲ್ಲಗೆ ಕೈ ಎತ್ತಿದರು. "ಮೇಡಂ, ನಾನು ಆ ಕಂಬದ ಹತ್ರ ನಿಲ್ಲಿಸಿ ಆರು ವರ್ಷ ಆಯ್ತು. ಎಲ್ಲರೂ ಮೆಟ್ಟಿಲ ಹತ್ರ ಇರ್ತಾರೆ. ಕಂಬಾನ ಹತ್ತಿಸ್ಕೊಂಡು ಹೋಗ್ಲಾ?"

ಇಡೀ ಹಾಲ್ ಹೋ ಅಂತ ನಕ್ಕಿತು. ಮೇಡಂ ಕೂಡ ನಕ್ಕುಬಿಟ್ಟರು. ಹದಿನಾಲ್ಕರ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಕಿತ್ತರು. ಕಂಬವನ್ನೇ ಮೆಟ್ಟಿಲ ಹತ್ತಿರ ತರೋಣ ಅಂತ ಬರೆದುಕೊಂಡರು. ಬಸ್ಸು ಏಳು ನಿಮಿಷ ಲೇಟು ಅನ್ನೋ ದೂರನ್ನೂ ಅಜ್ಜ ಬಿಡದೆ ಬರೆಸಿದರು.

ಮೀಟಿಂಗು ಮುಗಿಯಿತು. ಅಜ್ಜ ಜೇಬಿನಿಂದ ಇಲ್ಲದ ಕೀಲಿಕೈ ತೆಗೆದು ಅವಳ ತುಟಿಯ ಬೀಗ ತಿರುಗಿಸಿದರು.

"ಒಂದು ಮಾತೂ ಆಡ್ಲಿಲ್ಲ ನನ್ನ ಬಂಗಾರ. ಗಡಿಯಾರ ನಿನ್ನದೇ. ಸ್ಕ್ರೂ ಮಾತ್ರ ಕಳೀಬೇಡ."

ಚಟಪಟಳಿಗೆ ಕುಣಿಯುವಷ್ಟು ಖುಷಿ. ಆದರೆ ಅವಳ ಕಣ್ಣು ಇನ್ನೂ ಮ್ಯಾಪಿನ ಮೇಲೇ ಇತ್ತು. ಒಂಬತ್ತರ ಸ್ಟಿಕ್ಕರು ಹಾಗೇ ಕೆಂಪಗೆ ಕೂತಿತ್ತು.

"ಮೇಡಂ," ಅಂದಳು, "ಒಂಬತ್ತನ್ನ ಅಲ್ಲಿಯವರು ಏನಂತ ಕರೀತಾರೆ?"

ಮ್ಯಾಪು ಮಡಚಲು ಹೊರಟಿದ್ದ ಮೇಡಂ ಕೈ ನಿಂತಿತು. ಒಂದು ಹಳದಿ ಚೀಟಿ ತೆಗೆದು, ಪ್ರಶ್ನೆ ಚಿಹ್ನೆ ಬರೆದು, ಒಂಬತ್ತರ ಪಕ್ಕ ಅಂಟಿಸಿದರು.

ಸೋಮವಾರ ಬಸ್ಸು ಏಳು ನಿಮಿಷ ಲೇಟಾಗಿಯೇ ಬಂತು. ಅಜ್ಜ ಬೈಯುತ್ತಲೇ ಹತ್ತಿದರು, ಬೈಯುತ್ತಲೇ ಖುಷಿಯಾಗಿ ಕೂತರು. ಚಟಪಟ ಕಿಟಕಿ ಪಕ್ಕ ಕೂತಳು.

ಸ್ವಲ್ಪ ದೂರ ಹೋದಮೇಲೆ ಇನ್ನೊಂದು ತುಕ್ಕು ಕಂಬ ಬಂತು. ಅದರ ಮೇಲೆ 9 ಅಂತಿತ್ತು. ದಿನಾ ಈ ದಾರಿಯಲ್ಲಿ ಹೋದರೂ ಅವಳು ಅದನ್ನು ನೋಡಿಯೇ ಇರಲಿಲ್ಲ. ಕಂಬದ ಹತ್ತಿರ ಯಾರೂ ಇಲ್ಲ.

ಅವಳು ಕಂಬ ಬಿಟ್ಟು ಆಚೆ ನೋಡಿದಳು. ಸೈಕಲ್ ಅಂಗಡಿಯ ನೆರಳಲ್ಲಿ ಮಗು ಎತ್ತಿಕೊಂಡ ಒಬ್ಬ ಅಮ್ಮ. ನಲ್ಲಿ ಕಟ್ಟೆಯ ಮೇಲೆ ಟೂಲ್ ಬ್ಯಾಗು ಇಟ್ಟುಕೊಂಡ ಇಬ್ಬರು. ಅವರ ಪಕ್ಕದಲ್ಲಿ, ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು, ಪೆನ್ನು ಹಿಡಿದು, ಬಸ್ ಆಫೀಸಿನ ಮೇಡಂ.

"ಏನೇ, ಬಾಯಿ ಇಷ್ಟೊತ್ತು ಸುಮ್ಮನಿದೆ?" ಅಂದರು ಅಜ್ಜ.

"ಶ್, ಅಜ್ಜ," ಅಂದಳು ಚಟಪಟ. "ಎಣಿಸ್ತಿದೀನಿ."