ಊಟದ ಬಿಡುವಿನ ಮಾತು

2007ರ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಚಳ್ಳಕೆರೆ ಠಾಣೆಗೆ ಬಂದ ದೂರನ್ನು ಚೆಂದವಾಗಿ ಟೈಪು ಮಾಡಲಾಗಿತ್ತು, ತಲೆಯ ಮೇಲೆ ಕಂಪನಿಯ ಬಣ್ಣದ ಮುದ್ರೆ ಬೇರೆ. ಕುರಿ ಕಳೆದವರ, ಪಂಪ್‌ಸೆಟ್ ಕಳೆದವರ ದೂರು ಬರೆಸಿಕೊಂಡೇ ಕೂದಲು ನರೆತಿದ್ದ ಇನ್ಸ್‌ಪೆಕ್ಟರ್ ಬೊಮ್ಮಲಿಂಗಪ್ಪ ಅದನ್ನು ಎರಡು ಸಲ ಓದಿದರು. ಬೆಂಗಳೂರಿನ ದೊಡ್ಡ ತಂತ್ರಜ್ಞಾನ ಕಂಪನಿಯೊಂದು ಊರಾಚೆ ಕಾಲ್ ಸೆಂಟರ್ ತೆರೆದು ವರ್ಷವಾಗಿತ್ತು. ಕನ್ನಡ, ತೆಲುಗು ಎರಡೂ ಬಲ್ಲ ಸುತ್ತಲ ಹಳ್ಳಿಯ ಹುಡುಗಿಯರಿಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಎಲ್ಲಿಯವರದೋ ಗೋಳು ಕೇಳುವ ಕೆಲಸ. ಅಲ್ಲಿಂದ ಹಿಂದಿನ ಸಂಜೆ ಒಂದು ಕಂಪ್ಯೂಟರ್ ಪೆಟ್ಟಿಗೆ ಕಳುವಾಗಿತ್ತು.

"ಒಂದೇನಾ?"

"ಒಂದೇ. ಕರೆಗಳು ರೆಕಾರ್ಡ್ ಆಗೋದು ಅದರಲ್ಲಿ," ಎಂದ ಮ್ಯಾನೇಜರ್ ವಿಶ್ವನಾಥ್.

"ಪಕ್ಕದಲ್ಲಿ ಹೊಸವು ಇರಲಿಲ್ವಾ?"

"ಇದ್ವು. ಮುಟ್ಟಿಲ್ಲ."

"ಕ್ಯಾಮೆರಾ?"

"ಕರೆಂಟ್ ಹೋಗಿತ್ತು. ಜನರೇಟರ್ ಶುರು ಮಾಡೋಷ್ಟರಲ್ಲಿ ಆಗಿದೆ."

ಬೀಗ ಮುರಿದಿಲ್ಲ, ಕಿಟಕಿ ಒಡೆದಿಲ್ಲ. ಒಳಗಿನವರದೇ ಕೈವಾಡ ಎನ್ನಲು ಪಂಚಾಂಗ ನೋಡಬೇಕಿರಲಿಲ್ಲ. ನೌಕರರಿಂದ ಕಳವು, ಕಲಂ 381ರಡಿ ಎಫ್‌ಐಆರ್ ಆಯಿತು, ಸ್ಥಳ ಪಂಚನಾಮೆಯೂ ಮುಗಿಯಿತು. ಬಸ್ ನಿಲ್ದಾಣಕ್ಕೆ ಹೋಗಿದ್ದ ಪೇದೆ ಯರ್ರಪ್ಪ ಮಧ್ಯಾಹ್ನದ ಹೊತ್ತಿಗೆ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರನನ್ನು ಹಿಡಿದುಕೊಂಡೇ ಬಂದ.

"ನಿನ್ನೆ ಸಂಜೆ ಇಬ್ರು ಹುಡುಗೀರು ಹತ್ತಿದ್ರು ಸಾರ್. ಒಬ್ಬಳ ಮಡಿಲಾಗೆ ಗೋಣಿಚೀಲ. ಲಗೇಜು ಚಾರ್ಜು ಕೊಟ್ಲು, ಮೇಲಕ್ಕೆ ಹಾಕಕ್ಕೆ ಮಾತ್ರ ಬಿಡಲೇ ಇಲ್ಲ. ಕೂಸು ಹಿಡ್ಕಂಡಂಗೆ ಹಿಡ್ಕಂಡಿದ್ಲು."

ಆ ದಿನ ಕೆಲಸಕ್ಕೆ ಬಾರದವರು ಇಬ್ಬರೇ. ಒಬ್ಬಳು ಗೌರಸಮುದ್ರದ ದಾರಿಯ ಗೊಲ್ಲರಹಟ್ಟಿಯ ಶೃತಿ. ಇನ್ನೊಬ್ಬಳು ಮೊಳಕಾಲ್ಮೂರಿನ ನೇಕಾರರ ಮನೆಯ ಅನಸೂಯ.

ಮಹಿಳಾ ಪೇದೆಯನ್ನೂ ಕರೆದುಕೊಂಡು ಸಂಜೆಗೆ ಬೊಮ್ಮಲಿಂಗಪ್ಪ ಅನಸೂಯಳ ಮನೆ ಬಾಗಿಲಲ್ಲಿ ನಿಂತರು. ಬೀದಿಯುದ್ದಕ್ಕೂ ಮಗ್ಗದ ಸದ್ದು. ಶ್ರಾವಣ ಬಂತೆಂದರೆ ಇಲ್ಲಿ ಊಟಕ್ಕೂ ಮಗ್ಗ ನಿಲ್ಲುವುದಿಲ್ಲ. ಈ ಮನೆಯಲ್ಲಿ ಮಾತ್ರ ಅರ್ಧ ನೇಯ್ದ ಕೆಂಪು ಸೀರೆ ಸುಮ್ಮನೆ ಬಿದ್ದಿತ್ತು.

"ಶ್ರಾವಣದಾಗೆ ಮಗ್ಗ ನಿಂತೈತಲ್ಲಮ್ಮ, ಯಾಕೆ?"

ಅನಸೂಯ ಮಗ್ಗಕ್ಕೆ ಅಡ್ಡವಾಗಿ ಬಂದು ನಿಂತಳು. ಯರ್ರಪ್ಪ ಬಗ್ಗಿ, ನೇಯುವವರು ಕಾಲು ಇಳಿಬಿಡುವ ಗುಂಡಿಗೆ ಕೈ ಹಾಕಿದ. ಗೋಣಿಚೀಲ ಸಿಕ್ಕಿತು. ಅಡುಗೆಮನೆಯಿಂದ ಸಣಕಲು ಹುಡುಗಿಯೊಬ್ಬಳು ಹೊರಬಂದಳು.

"ಅವಳದೇನೂ ಇಲ್ಲ ಸಾರ್. ತಂದೋಳು ನಾನು, ಶೃತಿ."

ಪಕ್ಕದ ಮನೆಯವರನ್ನು ಪಂಚರಾಗಿ ಕರೆದು, ಜಪ್ತಿ ಪಂಚನಾಮೆ ಬರೆದು, ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದರು. ಆಮೇಲೆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದರು.

"ಯಾರಿಗೆ ಮಾರಾಕೆ?"

"ಮಾರಾಕಲ್ಲ. ನನ್ನ ಮಾತು ಅಳಿಸಿ ವಾಪಸ್ ಇಡೋಣ ಅಂತ. ಪಾಸ್‌ವರ್ಡ್ ಗೊತ್ತಾಗ್ಲಿಲ್ಲ."

"ಒಡೆದು ಹಾಕಬೇಕಿತ್ತು," ಎಂದುಬಿಟ್ಟ ಯರ್ರಪ್ಪ. ಇನ್ಸ್‌ಪೆಕ್ಟರ್ ಅವನತ್ತ ಕಣ್ಣು ಬಿಟ್ಟರು.

"ಕಂಪನಿ ಸಾಮಾನಲ್ವಾ ಅಣ್ಣಾ, ಹೆಂಗೆ ಒಡೀಲಿ?" ಎಂದಳು ಶೃತಿ.

ಅವಳ ಹಟ್ಟಿಯಲ್ಲಿ ಮುಟ್ಟಾದ ಹೆಂಗಸು ಹಟ್ಟಿಯಾಚೆಯ ಗುಡಿಸಲಲ್ಲಿ ಇರಬೇಕು. ದೇವರ ಕಟ್ಟಳೆ, ಮೀರುವ ಹಾಗಿಲ್ಲ. ಹೋದ ಮಳೆಗಾಲದಲ್ಲಿ ಆ ಗುಡಿಸಲಿಗೆ ಹಾವು ಬಂದಿತ್ತು. ಅಂದಿನಿಂದ ತಾಯಿ ನಾಗಕ್ಕ ಯಾರಿಗೂ ತಿಳಿಯದಂತೆ ಮಗಳನ್ನು ಮನೆಯೊಳಗೇ ಮಲಗಿಸಿಕೊಳ್ಳುತ್ತಿದ್ದಳು. ಊಟದ ಬಿಡುವಿನಲ್ಲಿ ಶೃತಿ ಅದನ್ನು ಗೆಳತಿಯ ಹತ್ತಿರ ಹೇಳಿಕೊಂಡಿದ್ದಳು. ಹೆಡ್‌ಫೋನ್ ಕುತ್ತಿಗೆಯಲ್ಲೇ ಇತ್ತು. ಕರೆ ಇಲ್ಲದಾಗಲೂ ಅದು ಕೇಳಿಸಿಕೊಳ್ಳುತ್ತದೆಂದು ಪಾಪ, ಯಾರಿಗೆ ಗೊತ್ತಿತ್ತು!

"ರಾತ್ರಿ ಪಾಳಿ ಬ್ಯಾಡ ಅಂತ ಎಲ್ಲಾರ ಪರವಾಗಿ ನಾನೇ ಕೇಳಿದ್ದೆ ಸಾರ್. ಮ್ಯಾನೇಜರ್ ರೂಮಿಗೆ ಕರೆದು ನನ್ನ ಮಾತು ನನಗೇ ಕೇಳಿಸಿದ್ರು. ಇದು ನಿಮ್ಮ ಹಟ್ಟಿಗೆ ಕೇಳಿಸಿದ್ರೆ ಹೆಂಗೆ ಅಂದ್ರು. ನನಗೇನಾದ್ರೂ ಆಗ್ಲಿ. ಅವ್ವನ್ನ ಹಟ್ಟಿಯಾಗೆ ಇಟ್ಕಳಲ್ಲ."

ಬೊಮ್ಮಲಿಂಗಪ್ಪನವರಿಗೆ ಮೈಯೆಲ್ಲ ಉರಿಯಿತು. "ಹೆದರಿಸಿದ್ದಕ್ಕೆ ಕಲಂ ಐತೆ. ದೂರು ಕೊಡು, ಅವನ ಮೇಲೂ ಹಾಕ್ತೀನಿ."

"ದೂರಿನಾಗೆ ಏನಂತ ಬರೀಲಿ ಸಾರ್?"

ಅತ್ತ ದರಿ, ಇತ್ತ ಪುಲಿ. ವಾಪಸು ಬರುವಾಗ, ಪೆಟ್ಟಿಗೆ ಜೀಪಿನಿಂದ ಜಾರಿ ಬಿದ್ದಿದ್ದರೆ ಎಂಬ ಆಸೆಯೂ ಅವರ ತಲೆಯಲ್ಲಿ ಸುಳಿಯಿತು. ಅರಗು ಒತ್ತಾಗಿತ್ತು, ಪಂಚರ ಸಹಿ ಬಿದ್ದಾಗಿತ್ತು.

ಮರುದಿನ ಠಾಣೆಯಲ್ಲಿ ಮಾಲಿನ ಗುರುತು ಪಂಚನಾಮೆ. ಪೆಟ್ಟಿಗೆಯ ಮೇಲಿನ ನಂಬರು ಸಾಕು ಎಂದರು ಬೊಮ್ಮಲಿಂಗಪ್ಪ. ಒಳಗಿನದು ಸರಿಯಿದೆಯೇ ನೋಡಬೇಕು ಎಂದ ವಿಶ್ವನಾಥ್.

"ಅವರ ಖಾಸಗಿ ಮಾತು ನೀವು ಯಾಕ್ರೀ ಇಟ್ಕೋಬೇಕು?"

"ಕೆಲಸಕ್ಕೆ ಸೇರುವಾಗ ಎಲ್ಲ ರೆಕಾರ್ಡ್ ಆಗುತ್ತೆ ಅಂತ ಸಹಿ ಹಾಕಿದ್ದಾರೆ ಸಾರ್. ಇಂಗ್ಲಿಷಲ್ಲಿತ್ತು, ಓದ್ಕೋಬೇಕಿತ್ತು."

ಅವನು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಠಾಣೆಯ ಫೋನು ಬಡಿದುಕೊಂಡಿತು. "ಅವರು ಹೇಳಿದಂಗೆ ತೋರಿಸಿ ಮುಗಿಸ್ರಿ," ಎಂದರು ಮೇಲಿನವರು.

"ಪಂಚರನ್ನ ಕರಿಯಪ್ಪಾ," ಎಂದರು ಬೊಮ್ಮಲಿಂಗಪ್ಪ ಸೋತು. ವಿಶ್ವನಾಥ್ ತಾನು ತಂದಿದ್ದ ಪರದೆ, ಸ್ಪೀಕರ್‌ಗಳನ್ನು ಪೆಟ್ಟಿಗೆಗೆ ಜೋಡಿಸಿದ.

ಎಲ್ಲ ಠಾಣೆಯಂತೆ ಈ ಠಾಣೆಗೂ ಕಾಯಂ ಪಂಚರೊಬ್ಬರಿದ್ದರು. ದಿನಾ ಪೇಟೆಗೆ ಬಂದು ಎದುರಿನ ಹೋಟೆಲಲ್ಲಿ ಕೂರುವ ದೊಡ್ಡೀರಪ್ಪ. ಕರೆದಾಗ ಬಂದು, ಟೀ ಕುಡಿದು, ತೋರಿಸಿದಲ್ಲಿ ಸಹಿ ಹಾಕಿ ಹೋಗುವವರು. ಯರ್ರಪ್ಪ ರೂಢಿಯಂತೆ ಅವರನ್ನೇ ಕರೆತಂದ. ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಳ್ಳುತ್ತ ಅವರು ಒಳಗೆ ಬಂದದ್ದೇ ತಡ, ಹೇಳಿಕೆಗೆಂದು ಕರೆಸಿ ಮೂಲೆಯಲ್ಲಿ ಕೂರಿಸಿದ್ದ ಶೃತಿ ದಡಬಡಿಸಿ ಎದ್ದುನಿಂತಳು.

"ಯಜಮಾನಪ್ಪಾ..."

ಅವಳ ಹಟ್ಟಿಯ ಯಜಮಾನ ಇವರೇ; ಎಷ್ಟೋ ವರ್ಷದಿಂದ ಸಹಿ ಹಾಕಿಸಿಕೊಂಡ ತಾವು, ಯಾವ ಹಟ್ಟಿಯವರೆಂದು ಒಂದು ದಿನವೂ ಕೇಳಿರಲಿಲ್ಲವಲ್ಲ ಎಂದು ಬೊಮ್ಮಲಿಂಗಪ್ಪನವರಿಗೆ ಆಗ ಹೊಳೆಯಿತು. "ಲೇ ಯರ್ರಪ್ಪ, ಬೇರೆಯವರನ್ನ..." ಎನ್ನುವಷ್ಟರಲ್ಲಿ ವಿಶ್ವನಾಥ್ ಗುಂಡಿ ಒತ್ತಿಯಾಗಿತ್ತು.

ಪೆಟ್ಟಿಗೆಯೊಳಗೆ ಹುಡುಗಿ ನಗುತ್ತಿದ್ದಳು. "ನಮ್ಮವ್ವ ಸುಮ್ನೆ ಅಲ್ಲ ಕಣೇ. ದೇವ್ರು ನೋಡ್ಕಂತಾನೆ, ಹಾವು ನೋಡ್ಕಳಲ್ಲ ಅಂತ ನನ್ನ ಒಳಗೇ ಮಲಗಿಸ್ಕಂತಾಳೆ."

"ಕೇಳಿಸ್ತಿದೆ. ಸರಿಯಿದೆ," ಎಂದ ವಿಶ್ವನಾಥ್.

ದೊಡ್ಡೀರಪ್ಪ ಸಹಿ ಹಾಕಿದರು. ಅಂದು ಟೀ ಕುಡಿಯಲಿಲ್ಲ. "ನಾಗಕ್ಕನ ಮಗಳಲ್ಲೇನಮ್ಮ ನೀನು?" ಎಂದಷ್ಟೇ ಕೇಳಿ ಬಸ್ಸಿಗೆ ಹೊರಟರು.

ಮಧ್ಯಾಹ್ನ ಶೃತಿಯ ಬಂಧನ ದಾಖಲಾಯಿತು. ಬಂಧಿತರ ಮನೆಯವರಿಗೆ ತಿಳಿಸಬೇಕಾದದ್ದು ನಿಯಮ. ಹಟ್ಟಿಗೆ ಹೋಗಿದ್ದ ಯರ್ರಪ್ಪ ಸಂಜೆ ಬಂದು ಟೋಪಿ ತೆಗೆದು ನಿಂತ.

"ಅವರವ್ವ ಸಿಕ್ಕಿದ್ಲಾ?"

"ಸಿಕ್ಕಿದ್ಲು ಸಾರ್. ಆಚೆ ಗುಡಿಸಲಾಗೆ ಕುಂತವ್ಳೆ. ಮಗಳು ಉಂಡ್ಲಾ ಅಂತ ಕೇಳಿದ್ಲು."

ಬೊಮ್ಮಲಿಂಗಪ್ಪ ಬಂಧನದ ವರದಿ ಎಳೆದುಕೊಂಡರು. ಕಳವಿನ ಉದ್ದೇಶ ಎಂಬಲ್ಲಿ 'ತಾಯಿಗಾಗಿ' ಎಂದು ಬರೆದು, ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಹೊಡೆದುಹಾಕಿದರು. ಮಾಹಿತಿ ತಲುಪಿಸಿದ ಸ್ಥಳ ಎಂಬಲ್ಲಿ 'ಹಟ್ಟಿಯ ಹೊರಗೆ' ಎಂದು ಬರೆದು ಸಹಿ ಹಾಕಿದರು.