ಅಜ್ಜಿಯ ಚಪ್ಪಲಿ ಮತ್ತು ನಲವತ್ತೊಂದನೇ ನಂಬರು

“ಮೂವತ್ತೊಂದು ಗಜ! ಬರೀ ಮೂವತ್ತೊಂದು ಗಜ ಕಣಯ್ಯಾ!”

ತಾತ ಗುದ್ದಿದ ರಭಸಕ್ಕೆ ಮಡಚುವ ಮೇಜಿನ ಮೇಲಿದ್ದ ಚಿಲಿ ಸಾರಿನ ಬಟ್ಟಲು ಕುಣಿದುಬಿಟ್ಟಿತು.

“ಮೇಜು ಏನ್ರೀ ಮಾಡ್ತು ನಿಮಗೆ?” ಎಂದು ಅಜ್ಜಿ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

ಪಂದ್ಯದ ದಿನ ಎಲ್ಲರೂ ಊಟ ತಂದು ಕೂರುವ, ಸ್ಟೇಡಿಯಂ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಅವತ್ತು ಯಾರ ಮುಖದಲ್ಲೂ ಕಳೆ ಇರಲಿಲ್ಲ. ನಮ್ಮ ಪ್ರೇರಿ ಕಾಲೇಜಿನ ‘ಕ್ರೇನ್ಸ್’ ಅಮೆರಿಕನ್ ಫುಟ್‌ಬಾಲ್ ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತ್ತು. ಕೊನೆಯ ನಾಲ್ಕು ಸೆಕೆಂಡು ಉಳಿದಿದ್ದಾಗ ನಲವತ್ತೊಂದನೇ ನಂಬರಿನ ಕಿಕ್ಕರ್ ಮೂವತ್ತೊಂದು ಗಜ ದೂರದಿಂದ ಚೆಂಡು ಒದ್ದಿದ್ದ. ಅದು ಎರಡು ಹಳದಿ ಕಂಬಗಳ ನಡುವೆ ಹೋಗಿದ್ದರೆ ಮೂರು ಪಾಯಿಂಟು, ಗೆಲುವು ನಮ್ಮದು. ಆದರೆ ಅದು ಬಲಗಡೆಯ ಕಂಬದ ಆಚೆಗೆ ಹೋಯಿತು.

“ಕಿಕ್ಕರ್‌ನ ಯಾಕೆ ಬೈತೀಯ?” ಎಂದರು ಪಕ್ಕದ ಮನೆಯ ಹ್ಯಾಸ್ಕೆಲ್ ಅಂಕಲ್. “ಅದಕ್ಕೆ ಮುಂಚೆ ಒಂದು ಗಂಟೆ ಆಡಿದ್ರಲ್ಲ, ಆಗ ಏನು ಕಡಿದು ಕಟ್ಟೆ ಹಾಕಿದ್ರು? ತಪ್ಪು ಕೋಚ್‌ದು.”

“ಕೋಚ್‌ದೇ ಇರಬಹುದು. ಆದ್ರೆ ಪೇಪರ್‌ನೋರು ಅದನ್ನ ಬರೀತಾರಾ? ದೊಡ್ಡ ಯೂನಿವರ್ಸಿಟಿ ಸೋತ್ರೂ ಮೊದಲನೇ ಪುಟ. ನಾವು ಗೆದ್ರೂ ಎಂಟನೇ ಪುಟ, ಅದೂ ಟ್ರ್ಯಾಕ್ಟರ್ ಜಾಹೀರಾತಿನ ಕೆಳಗೆ!”

“ಟಿ.ವಿ.ಯೋರಂತೂ ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ.”

“ಇರೋದೊಂದು ರೇಡಿಯೋ,” ಎಂದು ತಾತ ಕಿವಿಗೆ ಫೋನು ಒತ್ತಿಕೊಂಡರು.

ಪ್ರತಿ ಶನಿವಾರ ಪಂದ್ಯ ಮುಗಿದ ಕೂಡಲೇ ಊರಿನ ರೇಡಿಯೋದಲ್ಲಿ ಬಡ್ ಎಂಬುವವರು ಮಾತುಕತೆ ನಡೆಸುತ್ತಿದ್ದರು. ಯಾರು ಬೇಕಾದರೂ ಫೋನ್ ಮಾಡಿ ತಂಡವನ್ನು ಹೊಗಳಬಹುದು, ತೆಗಳಬಹುದು. ಹೊಗಳುವವರು ಬಹಳ ಕಡಿಮೆ ಅನ್ನಿ. ತಾತ ಆರು ವರ್ಷದಿಂದ ಫೋನ್ ಮಾಡುತ್ತಿದ್ದರೂ ಲೈನ್ ಸಿಕ್ಕಿದ್ದು ಎರಡೇ ಸಲ.

ಅವತ್ತು ಮೂರನೇ ಸಲ ಸಿಕ್ಕಿತು. ಆದರೆ ಆಗ ತಾತನ ಬಾಯಿ ತುಂಬ ದಾಲ್ಚಿನ್ನಿ ರೋಲ್ ಇತ್ತು! ಅವರು “ಉಂ ಉಂ” ಎನ್ನುತ್ತಾ ಫೋನನ್ನು ಮೊಮ್ಮಗಳು ಬ್ರಿನ್‌ಳ ಕೈಗೆ ತುರುಕಿದರು. ಐದನೇ ಕ್ಲಾಸಿನ ಬ್ರಿನ್‌ಗೆ ತಂಡದ ಲೆಕ್ಕವೆಲ್ಲ ಬಾಯಿಪಾಠ.

“ಹಲೋ, ಯಾರಪ್ಪಾ ಮಾತಾಡ್ತಿರೋದು?” ಎಂದಿತು ಬಡ್ ದನಿ.

“ನಾನು ಬ್ರಿನ್. ನನಗೆ ಹತ್ತು ವರ್ಷ. ನಲವತ್ತೊಂದನೇ ನಂಬರ್ ಈ ಸೀಸನ್‌ನಲ್ಲಿ ಒಂಬತ್ತು ಸಲ ಒದ್ದಿದಾರೆ, ಏಳು ಸಲ ಸರಿಯಾಗಿ ಹೋಗಿದೆ. ಹೋದ ವರ್ಷ...”

“ಹೂಂ... ಹೂಂ...” ಎಂದರು ಬಡ್. ಆಕಳಿಸಿದ ಹಾಗಿತ್ತು. ಇನ್ನೇನು ಫೋನ್ ಕಟ್ ಮಾಡುತ್ತಾರೆ ಎಂದು ಬ್ರಿನ್‌ಗೆ ಅನ್ನಿಸಿತು. ಏನಾದರೂ ಹೇಳಬೇಕು, ಬೇಗ! ಅವಳ ಕಣ್ಣು ಅಜ್ಜಿಯ ಕಾಲಿನ ಮೇಲೆ ಬಿತ್ತು. ಮಂಡಿನೋವಿನ ಅಜ್ಜಿ ಮನೆಯೊಳಗೆ ಹಾಕುವ ಗುಲಾಬಿ ಉಣ್ಣೆ ಚಪ್ಪಲಿಯಲ್ಲೇ ಪಂದ್ಯಕ್ಕೆ ಬಂದಿದ್ದಳು.

“ನಮ್ಮಜ್ಜಿ ಕಣ್ಣು ಮುಚ್ಕೊಂಡು ಚಪ್ಪಲಿ ಎಸೆದಿದ್ರೂ ಆ ಕಂಬಗಳ ಮಧ್ಯೆ ಹೋಗ್ತಿತ್ತು!”

ಬಡ್ ನಕ್ಕರು. ಕೆಮ್ಮು ಬರುವ ತನಕ ನಕ್ಕರು. ಪಾರ್ಕಿಂಗ್‌ನಲ್ಲಿ ಎಲ್ಲರ ಕಾರಿನಲ್ಲೂ ಅದೇ ರೇಡಿಯೋ ಹಾಕಿತ್ತಲ್ಲ, ಸಾಲುಸಾಲು ಜನ ಬಿದ್ದು ಬಿದ್ದು ನಕ್ಕರು. ಹ್ಯಾಸ್ಕೆಲ್ ಅಂಕಲ್ ಕಣ್ಣೊರೆಸಿಕೊಂಡರು. ಬ್ರಿನ್‌ಳ ಕೆನ್ನೆ ಖುಷಿಯಿಂದ ಬಿಸಿಯಾಯಿತು.

“ನನ್ನ ಚಪ್ಪಲಿ ಸುದ್ದಿ ಊರಿಗೆಲ್ಲ ಯಾಕೆ ಬೇಕಿತ್ತೇ?” ಎಂದಳು ಅಜ್ಜಿ. ಅವಳೊಬ್ಬಳು ನಗಲಿಲ್ಲ.

ಭಾನುವಾರದಿಂದ ರೇಡಿಯೋದವರು ಆ ಒಂದು ಮಾತನ್ನು ಗಂಟೆಗೊಂದು ಸಲ ಹಾಕತೊಡಗಿದರು. ಹವಾಮಾನ ಹೇಳುವ ಮುಂಚೆ ಚಪ್ಪಲಿ, ಜೋಳದ ಧಾರಣೆ ಹೇಳಿದ ಮೇಲೆ ಚಪ್ಪಲಿ. ಏಳು ಸಲ ಸರಿಯಾಗಿ ಹೋಗಿದೆ ಎಂದು ಬ್ರಿನ್ ಹೇಳಿದ್ದನ್ನು ಮಾತ್ರ ಕತ್ತರಿಸಿಬಿಟ್ಟಿದ್ದರು. ಸೋಮವಾರದ ಪೇಪರಿನಲ್ಲಿ “ಕಿಕ್ಕರ್ ಬೇಡ, ಅಜ್ಜಿ ಸಾಕು” ಎಂದು ದಪ್ಪ ಅಕ್ಷರದಲ್ಲಿ ಬಂತು. ಸ್ಕೂಲಿನಲ್ಲಿ ಆರನೇ ಕ್ಲಾಸಿನವರೂ ಬ್ರಿನ್‌ಳನ್ನು ಹುಡುಕಿಕೊಂಡು ಬಂದು, “ನೀನೇನಾ ಅದು? ಇನ್ನೊಂದ್ಸಲ ಹೇಳೇ!” ಎಂದರು. ಅವಳು ಸೋಮವಾರ ಹನ್ನೊಂದು ಸಲ ಹೇಳಿದಳು. ಮಂಗಳವಾರ ಎಣಿಸುವುದನ್ನು ಬಿಟ್ಟಳು.

ಬುಧವಾರ ಬೆಳಿಗ್ಗೆ ಅವಳ ತಮ್ಮ ಒಟ್ಟೊ ಶೂಸ್ ಹಾಕಿಕೊಳ್ಳುತ್ತಾ, “ಇವತ್ತು ಮಿಸ್ಟರ್ ವೆಸ್ ಬರ್ತಾರೆ!” ಎಂದು ಹಾಡಿದ.

ಬ್ರಿನ್‌ಳ ಕೈಯಲ್ಲಿದ್ದ ಚಮಚ ಬಾಯಿಯ ಹತ್ತಿರವೇ ನಿಂತಿತು.

ಕಾಲೇಜು ತಂಡದ ಆಟಗಾರರು ಪ್ರತಿ ಬುಧವಾರ ಬ್ರಿನ್ ಮತ್ತು ಒಟ್ಟೊ ಓದುವ ಸ್ಕೂಲಿಗೆ ಬಂದು ಲೈಬ್ರರಿಯಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಪುಸ್ತಕ ಓದಿಸುತ್ತಿದ್ದರು. ಒಟ್ಟೊನ ಗುಂಪಿಗೆ ಬರುತ್ತಿದ್ದವರು ಮಿಸ್ಟರ್ ವೆಸ್. ಹೋದ ವರ್ಷ ಒಂದು ಸಾಲು ಓದಲು ಅಳುತ್ತಿದ್ದ ಒಟ್ಟೊ ಈಗ ಹಾಲಿನ ಡಬ್ಬದ ಮೇಲಿನ ಅಕ್ಷರವನ್ನೂ ಬಿಡದೆ ಓದುತ್ತಿದ್ದುದು ಅವರಿಂದಲೇ. ಆ ಮಿಸ್ಟರ್ ವೆಸ್ ನಲವತ್ತೊಂದನೇ ನಂಬರು.

ಬ್ರಿನ್‌ಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿತ್ತು. ಆದರೆ ಹೆಲ್ಮೆಟ್ ಹಾಕಿಕೊಂಡ ಮೇಲೆ ಅವರು ಬರೀ ನಲವತ್ತೊಂದು. ಸ್ವೆಟರ್ ಹಾಕಿಕೊಂಡು ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂರುವವರು ಮಿಸ್ಟರ್ ವೆಸ್. ಶನಿವಾರ ಫೋನು ಕೈಗೆ ಬಂದಾಗ ಅವಳಿಗೆ ಸ್ವೆಟರ್ ನೆನಪಾಗಲೇ ಇಲ್ಲ.

ಐದನೇ ಕ್ಲಾಸಿಗೂ ಅದೇ ಹೊತ್ತಿನಲ್ಲಿ ಲೈಬ್ರರಿ ಪೀರಿಯಡ್. ಬ್ರಿನ್ ಪುಸ್ತಕದ ಕಪಾಟಿನ ಹಿಂದೆ ಅಡಗಿ ನಿಂತಳು. ಉಪಯೋಗವಾಗಲಿಲ್ಲ.

“ಮಿಸ್ಟರ್ ವೆಸ್, ಇವಳೇ ನಮ್ಮಕ್ಕ!” ಒಟ್ಟೊ ಅವಳ ಕೈ ಹಿಡಿದು ದರದರ ಎಳೆದು ತಂದ. “ರೇಡಿಯೋದಲ್ಲಿ ಚಪ್ಪಲಿ ಅಂದಿದ್ದು ಇವಳೇ! ದಿನಾ ಬರ್ತಾಳೆ ರೇಡಿಯೋದಲ್ಲಿ!”

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಬ್ರಿನ್‌ಗೆ.

ವೆಸ್ ಅವಳನ್ನು ನೋಡಿದರು. “ಓ, ನೀನೇನಾ!” ಎಂದು ನಕ್ಕರು. “ಚೆನ್ನಾಗಿತ್ತು ಕಣೆ. ಹಾಸ್ಟೆಲ್ ಬಾಗಿಲಿಗೆ ನಮ್ಮ ಹುಡುಗರು ಒಂದು ಚಪ್ಪಲಿ ನೇತು ಹಾಕಿದಾರೆ.”

ಅವರ ಬಾಯಿ ನಗುತ್ತಿತ್ತು. ಕೈ ಮಾತ್ರ ಪುಸ್ತಕದ ಮೂಲೆಯನ್ನು ಮಡಚುತ್ತಿತ್ತು, ಬಿಡಿಸುತ್ತಿತ್ತು.

“ನೀವು ಅವತ್ತೇ ಕೇಳಿದ್ರಾ?” ಎಂದು ಬ್ರಿನ್ ಕೇಳಿದಳು.

“ನಾನಿಲ್ಲ. ನಮ್ಮಮ್ಮ ಕೇಳಿದ್ರು.”

“ಅವರು ಇದೇ ಊರಲ್ಲಿದಾರಾ?”

“ಇಲ್ಲ, ಇಲ್ಲಿಂದ ನಾಲ್ಕು ಗಂಟೆ ದಾರಿ. ಈಗ ಕಟಾವಿನ ಕಾಲ ಅಲ್ವಾ, ಜೋಳದ ಲಾರಿ ಓಡಿಸ್ತಾರೆ. ಪಂದ್ಯಕ್ಕೆ ಬರೋಕಾಗಲ್ಲ. ಅದಕ್ಕೆ ಲಾರಿಯಲ್ಲಿ ರೇಡಿಯೋ ಹಾಕ್ಕೋತಾರೆ, ಈ ಸ್ಟೇಷನ್ ಅಲ್ಲಿವರೆಗೂ ಸಿಗುತ್ತೆ. ಪಂದ್ಯನೂ ಕೇಳ್ತಾರೆ, ಆಮೇಲೆ ಬಡ್ ಮಾತುಕತೆನೂ ಕೇಳ್ತಾರೆ. ನನ್ನ ಹೆಸರು ಬರುತ್ತೇನೋ ಅಂತ.” ವೆಸ್ ಮಡಚಿದ ಮೂಲೆಯನ್ನು ಬೆರಳಿನಿಂದ ನೇರ ಮಾಡುತ್ತಾ ಹೇಳಿದರು: “ಅವತ್ತು ಅವರೂ ಬಡ್‌ಗೆ ಫೋನ್ ಮಾಡಿದ್ರಂತೆ. ಯಾವತ್ತೂ ಮಾಡಿದೋರಲ್ಲ. ನಿನ್ನದಾದಮೇಲೆ ಅವರ ಸರದಿ ಇತ್ತಂತೆ. ನೀನು ಹೇಳಿದ್ದು ಕೇಳಿ ಫೋನ್ ಇಟ್ಟುಬಿಟ್ರು.”

“ಏನು ಹೇಳಬೇಕು ಅಂತಿದ್ರು?”

“ಕೇಳಿದ್ರೆ ಹೇಳಲ್ಲ.”

ಬ್ರಿನ್ ಸಾರಿ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅವತ್ತು ರಾತ್ರಿಯ ಊಟ ಅವಳಿಗೆ ಸೇರಲಿಲ್ಲ. ತಾನು ಹೇಳಿದ್ದು ರೇಡಿಯೋದಲ್ಲಿ, ಮಿಸ್ಟರ್ ವೆಸ್ ಅವರ ಅಮ್ಮ ಕೇಳಿದ್ದೂ ರೇಡಿಯೋದಲ್ಲಿ. ಹಾಗಾದರೆ ಸಾರಿ ಹೇಳಬೇಕಾದದ್ದೂ ಅದೇ ರೇಡಿಯೋದಲ್ಲಿ. ಶನಿವಾರ ಬಡ್‌ಗೆ ಫೋನ್ ಮಾಡಿ ಎಲ್ಲರೆದುರು ಹೇಳಿಬಿಡಬೇಕು. ಲಾರಿಯಲ್ಲಿ ಅವರು ಕೇಳಿಸಿಕೊಳ್ಳುತ್ತಾರೆ. ಇಷ್ಟು ಯೋಚಿಸಿದ ಮೇಲೆ ಅವಳಿಗೆ ನಿದ್ದೆ ಬಂತು.

ಶನಿವಾರ ಸ್ಟೇಡಿಯಂ ಒಳಗೆ ಹೋದರೆ ಎಲ್ಲೆಲ್ಲೂ ಚಪ್ಪಲಿ! ಗುಲಾಬಿ, ನೀಲಿ, ಮೊಲದ ಕಿವಿ ಇದ್ದದ್ದು. ವೆಸ್ ಅಭ್ಯಾಸಕ್ಕೆ ಚೆಂಡು ಒದ್ದಾಗಲೆಲ್ಲ ಜನ ಚಪ್ಪಲಿ ಬೀಸುತ್ತಾ “ಅಜ್ಜೀ! ಅಜ್ಜೀ!” ಎಂದು ಕೂಗಿದರು. ಹ್ಯಾಸ್ಕೆಲ್ ಅಂಕಲ್ ಕೂಡ ಒಂದು ಜೊತೆ ತಂದಿದ್ದರು. ಬ್ರಿನ್ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಆಟ ಮತ್ತೆ ಕೊನೆಯ ನಿಮಿಷಕ್ಕೆ ಬಂತು. ನಮ್ಮವರು ಎರಡು ಪಾಯಿಂಟು ಹಿಂದಿದ್ದರು. ನಲವತ್ತನಾಲ್ಕು ಗಜ ದೂರ, ಅಡ್ಡಗಾಳಿ ಬೇರೆ. ನಲವತ್ತೊಂದನೇ ನಂಬರು ಮೈದಾನಕ್ಕೆ ಬಂತು. ಬ್ರಿನ್ ಉಸಿರು ಬಿಗಿಹಿಡಿದಳು. ಚೆಂಡು ಎದ್ದಿತು, ಗಾಳಿಗೆ ಎಡಕ್ಕೆ ವಾಲಿತು, ಕಂಬದ ಒಳಬದಿಗೆ ಟಣ್ ಎಂದು ಬಡಿದು ನಡುವೆ ಬಿತ್ತು.

ಗೆದ್ದರು! ಆಕಾಶದ ತುಂಬ ಚಪ್ಪಲಿ ಹಾರಿದವು.

“ನೋಡಿದ್ಯಾ ಪುಟ್ಟೀ, ನಿನ್ನಿಂದ ಗೆದ್ವಿ!” ಎಂದು ತಾತ ಅವಳನ್ನು ಎತ್ತಿ ಕುಣಿಸಿದರು.

“ಒದ್ದಿದ್ದು ಅವರಲ್ವಾ ತಾತ?”

ಆ ಗಲಾಟೆಯಲ್ಲಿ ತಾತನಿಗೆ ಕೇಳಿಸಲಿಲ್ಲ. ಬಡ್‌ಗೆ ಫೋನ್ ಮಾಡಿಕೊಡಿ ಎಂದಾಗ ಮಾತ್ರ ಚೆನ್ನಾಗಿ ಕೇಳಿಸಿತು. ಪಾರ್ಕಿಂಗ್‌ನಲ್ಲಿ ನಿಂತು ಇಪ್ಪತ್ತು ನಿಮಿಷ ಒತ್ತಿದ ನಂಬರನ್ನೇ ಒತ್ತಿ, ಕೊನೆಗೂ ಲೈನ್ ಹಿಡಿದರು.

“ಬಂದಳಪ್ಪಾ ನಮ್ಮ ಚಪ್ಪಲಿ ಹುಡುಗಿ!” ಎಂದು ಬಡ್ ಕೂಗಿದರು. “ಹೇಳಮ್ಮಾ, ಇವತ್ತೇನು ಎಸೀತಾರೆ ನಿಮ್ಮಜ್ಜಿ?”

“ನಾನು ಸಾರಿ ಹೇಳೋಕೆ ಫೋನ್ ಮಾಡಿದ್ದು,” ಎಂದಳು ಬ್ರಿನ್. ಬರೆದಿಟ್ಟುಕೊಂಡ ಚೀಟಿ ಬಿಡಿಸಿ ಓದತೊಡಗಿದಳು. “ಮಿಸ್ಟರ್ ವೆಸ್‌ಗೆ. ಮತ್ತೆ ಅವರಮ್ಮನಿಗೆ. ನಾನು ಹಾಗೆ ಹೇಳಬಾರದಾಗಿತ್ತು. ಅವರು...”

“ಸಾರಿನಾ! ಯಾಕೆ ಸಾರಿ? ಗೆಲ್ಲಿಸಿದ್ದೇ ನೀನು! ಕೇಳ್ರಪ್ಪಾ, ಇನ್ನೊಂದ್ಸಲ ಎಲ್ಲರೂ ಕೇಳಿ!”

ಬಡ್ ಏನೋ ಒತ್ತಿದರು. ಬ್ರಿನ್‌ಳದೇ ದನಿ ಎಲ್ಲ ಕಾರುಗಳಿಂದಲೂ ಹೊರಟಿತು: ನಮ್ಮಜ್ಜಿ ಕಣ್ಣು ಮುಚ್ಕೊಂಡು... ಜನ ನಕ್ಕರು. ಅವಳ ಕೈಯಲ್ಲಿದ್ದ ಫೋನು ಆಗಲೇ ಕಟ್ ಆಗಿತ್ತು.

ತಾತ ನಗಲು ಹೋದವರು ಮೊಮ್ಮಗಳ ಮುಖ ನೋಡಿ ನಿಲ್ಲಿಸಿದರು. “ಏನಾಯ್ತೇ? ಯಾರ ಅಮ್ಮ?”

ಬ್ರಿನ್ ಲಾರಿಯ ಕತೆ ಹೇಳಿದಳು, ಇಟ್ಟುಬಿಟ್ಟ ಫೋನಿನ ಕತೆ ಹೇಳಿದಳು. ಅಜ್ಜಿ ಅವಳ ತಲೆ ಸವರಿದಳು. ತಾತ ಕಾರಿನ ಬಾಗಿಲು ತೆಗೆದು ರೇಡಿಯೋ ಆರಿಸಿದರು.

“ಫೋನು ನಿನ್ನ ಕೈಗೆ ಕೊಟ್ಟಿದ್ದು ನಾನು,” ಎಂದರು.

“ಹೇಳಿದ್ದು ನಾನಲ್ವಾ ತಾತ.”

ಭಾನುವಾರ ನಮ್ಮ ಕಾಲೇಜು ಕೊನೆಗೂ ಮೊದಲನೇ ಪುಟದಲ್ಲಿ ಬಂತು. ಫೋಟೋದಲ್ಲಿ ಹಾರುವ ಚಪ್ಪಲಿಗಳಿದ್ದವು. ವೆಸ್ ಹೆಸರು ಕೊನೆಯ ಪ್ಯಾರಾದಲ್ಲಿತ್ತು. ಎಂಟನೇ ಪುಟದ ಬಗ್ಗೆ ಅಷ್ಟು ಗೊಣಗುತ್ತಿದ್ದ ತಾತ ಪೇಪರನ್ನು ಪೂರ್ತಿ ಓದದೆ ಮಡಚಿಟ್ಟರು.

ಬುಧವಾರ ಬ್ರಿನ್ ಕಪಾಟಿನ ಹಿಂದೆ ಅಡಗಲಿಲ್ಲ. ವೆಸ್ ಲೈಬ್ರರಿ ಬಾಗಿಲಿಗೆ ಬರುತ್ತಿದ್ದ ಹಾಗೇ ಓಡಿ ಹೋದಳು.

“ಸಾರಿ ಮಿಸ್ಟರ್ ವೆಸ್. ರೇಡಿಯೋದಲ್ಲೂ ಹೇಳಿದೆ. ಬಡ್ ಪೂರ್ತಿ ಹೇಳೋಕೆ ಬಿಡ್ಲಿಲ್ಲ. ಆದ್ರೂ ಸಾರಿ ಅಂತ ಕೇಳಿಸಿರುತ್ತೆ ಅಲ್ವಾ? ನಿಮ್ಮಮ್ಮ ಕೇಳಿದ್ರಾ?”

“ಹುಡುಗರು ಹೇಳಿದ್ರು, ನೀನು ಫೋನ್ ಮಾಡಿದ್ದೆ ಅಂತ. ಥ್ಯಾಂಕ್ಸ್ ಕಣೆ.” ವೆಸ್ ಬ್ಯಾಗನ್ನು ಹೆಗಲಿನಿಂದ ಇಳಿಸಿದರು. “ಅಮ್ಮ ಕೇಳಿಲ್ಲ. ಲಾರಿಯಲ್ಲಿ ರೇಡಿಯೋ ಹಾಕೋದು ಬಿಟ್ಟಿದಾರೆ.”

“ಬಡ್ ಮಾತುಕತೆನಾ?”

“ಎಲ್ಲಾನೂ.”

ಬ್ರಿನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಹಾಗಾದ್ರೆ ಶನಿವಾರ ನೀವು ಒದ್ದಿದ್ದು? ಗೆದ್ದಿದ್ದು?”

“ಆಮೇಲೆ ನಾನೇ ಫೋನ್ ಮಾಡಿ ಹೇಳಿದೆ.”

“ಏನಂತ?”

“ಕಂಬಗಳ ಮಧ್ಯೆ ಹೋಯ್ತಮ್ಮಾ ಅಂದೆ. ಒಳ್ಳೇದಾಯ್ತು ಮಗಾ ಅಂದ್ರು.”

“ಅಷ್ಟೇನಾ?”

“ಅಷ್ಟೇ,” ಎಂದು ವೆಸ್ ಒಳಗೆ ಹೋದರು. ಒಟ್ಟೊನ ಗುಂಪು ಆಗಲೇ ಅವರ ಕುರ್ಚಿ ಸುತ್ತ ಮುತ್ತಿಕೊಂಡಿತ್ತು. ಅವರು ಬಸ್ ಹತ್ತಲು ಹೊರಟ ಮುಳ್ಳುಹಂದಿಯ ಕತೆ ತೆರೆದು, ಮುಳ್ಳುಹಂದಿಗೊಂದು ದನಿ, ಕಂಡಕ್ಟರಿಗೊಂದು ದನಿ ಮಾಡಿ ಓದತೊಡಗಿದರು. ಮಕ್ಕಳು ಕಿಲಕಿಲ ನಕ್ಕರು. “ಅಕ್ಕಾ, ಬಾರೇ, ಇಲ್ಲಿ ಜಾಗ ಇದೆ,” ಎಂದ ಒಟ್ಟೊ.

ಬ್ರಿನ್ ತಮ್ಮನ ಪಕ್ಕ ಕೂತಳು. ಕತೆ ಅವಳ ಕಿವಿಗೆ ಬೀಳಲಿಲ್ಲ. ಆ ಚೆಂಡು ಎದ್ದದ್ದು, ಗಾಳಿಗೆ ವಾಲಿದ್ದು, ಕಂಬಕ್ಕೆ ಬಡಿದ ಸದ್ದು, ಆಮೇಲೆ ಇಡೀ ಸ್ಟೇಡಿಯಂ ಎದ್ದು ನಿಂತು ಕೂಗಿದ್ದು, ಎಲ್ಲವನ್ನೂ ಅವಳು ಕಣ್ಣಾರೆ ಕಂಡಿದ್ದಳು. ಆಸ್ಪತ್ರೆಯ ಕೋಣೆಯಲ್ಲಿದ್ದ ರೋಗಿಗಳೂ, ಟ್ರ್ಯಾಕ್ಟರ್ ಮೇಲಿದ್ದವರೂ, ಪೆಟ್ರೋಲ್ ಬಂಕಿನವರೂ ಅದನ್ನು ರೇಡಿಯೋದಲ್ಲಿ ಕೇಳಿದ್ದರು. ಅದೇ ಹೊತ್ತಿನಲ್ಲಿ ಮಿಸ್ಟರ್ ವೆಸ್ ಅವರ ಅಮ್ಮ ಎಲ್ಲೋ ಜೋಳದ ಹೊಲದ ಪಕ್ಕದ ರಸ್ತೆಯಲ್ಲಿ, ರೇಡಿಯೋ ಇಲ್ಲದೆ, ಸುಮ್ಮನೆ ಲಾರಿ ಓಡಿಸಿಕೊಂಡು ಹೋಗುತ್ತಿದ್ದರು.